ಡೆಸಿಬಲ್ ಅಂಕಿಯ ಜತೆ ಅಳತೆಯ ವಿವರವೂ ಅಚ್ಚಾಗಲಿ

ಸಂಪಾದಕರಿಗೆ,

ಮಾನ್ಯರೆ,

ಗಣೇಶ ಚತುರ್ಥಿಯಿಂದ ದೀಪಾವಳಿವರೆಗೆ, ಆಮೇಲೆ ಊರಹಬ್ಬ, ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಶಬ್ದದ ಮಟ್ಟ 95 ಡೆಸಿಬಲ್ ದಾಟಿತು’ ಎಂಬಂಥ ಸಾಲು ಕಾಣಿಸಿಕೊಳ್ಳುತ್ತದೆ. ಯಾವ ಉಪಕರಣದಲ್ಲಿ ಅಳೆದರು, ಧ್ವನಿವರ್ಧಕದಿಂದ ಎಷ್ಟು ದೂರ ನಿಂತಿದ್ದರು, ಅದು ಒಂದು ಕ್ಷಣದ ಅಂಕಿಯೋ ಹತ್ತು ನಿಮಿಷದ ಸರಾಸರಿಯೋ ಎಂಬುದು ಮಾತ್ರ ಇರುವುದಿಲ್ಲ. ಬಯಲಿನಲ್ಲಿಟ್ಟ ಒಂದು ಸಣ್ಣ ಸ್ಪೀಕರ್ 1 ಮೀಟರ್ ದೂರದಲ್ಲಿ 100 ಡೆಸಿಬಲ್ ಕೊಟ್ಟರೆ 2 ಮೀಟರಿಗೆ 94, 4 ಮೀಟರಿಗೆ 88, 32 ಮೀಟರಿಗೆ 70 ಆಗುತ್ತದೆ. ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುವುದು ಧ್ವನಿಯ ಸ್ವಭಾವ. ಹಾಗಾಗಿ ದೂರ ಹೇಳದ ಅಂಕಿಯಿಂದ ಓದುಗರಿಗೂ ಪ್ರಯೋಜನವಿಲ್ಲ, ದೂರು ಕೊಡುವವರಿಗೂ ಪ್ರಯೋಜನವಿಲ್ಲ.

ಧ್ವನಿ ಮುದ್ರಣ ಮತ್ತು ಅಳತೆಯ ಕೆಲಸದಲ್ಲಿರುವ ನಾವು ಕೆಲವರು ಒಂದು ವಿಷಯ ಒತ್ತಿ ಹೇಳಲೆಂದು ಈ ಪತ್ರ ಬರೆಯುತ್ತಿದ್ದೇವೆ. ಬಡಾವಣೆಯ ಸಂಘವೊಂದರ ಕೈಗೆಟುಕುವ ಬೆಲೆಯ ಮೈಕಿನಿಂದಲೇ ನಂಬಲರ್ಹವಾದ ಅಳತೆ ಸಾಧ್ಯವಿದೆ. ಅದಕ್ಕೆ ಉಪಕರಣದ ಬೆಲೆಗಿಂತ ಕ್ರಮ ಮುಖ್ಯ.

ಮೊದಲು ಕಾನೂನು ಏನನ್ನು ಅಳೆಯಲು ಹೇಳುತ್ತದೆ ನೋಡೋಣ. 2000ದ ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳ ಪ್ರಕಾರ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ರಾತ್ರಿ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55, ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯಕ್ಕೆ 50 ಮತ್ತು 40. ಇವೆಲ್ಲ ಡಿಬಿ(ಎ) ಎಲ್‌ಇಕ್ಯೂ ಅಂಕಿಗಳು. ‘ಎ’ ಎಂದರೆ ಕಿವಿ ಕೇಳಿಸಿಕೊಳ್ಳುವ ರೀತಿಗೆ ಹೊಂದಿಸಿದ ಸೋಸುವಿಕೆ. ‘ಎಲ್‌ಇಕ್ಯೂ’ ಎಂದರೆ ಇಡೀ ಅವಧಿಯ ಶಬ್ದಶಕ್ತಿಯ ಸರಾಸರಿ.

ಈ ಸರಾಸರಿಯ ಲೆಕ್ಕದಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಒಂದು ಗಂಟೆಯಲ್ಲಿ 59 ನಿಮಿಷ 45 ಡೆಸಿಬಲ್, ಉಳಿದ ಒಂದು ನಿಮಿಷ 85 ಡೆಸಿಬಲ್ ಇತ್ತೆನ್ನಿ. ಕೂಡಿ ಭಾಗಿಸಿದರೆ 45.7 ಬರುತ್ತದೆ, ಅದು ತಪ್ಪು. ಪ್ರತಿ ಅಂಕಿಯನ್ನು 10ರಿಂದ ಭಾಗಿಸಿ, ಹತ್ತನ್ನು ಬಂದಷ್ಟರ ಘಾತಕ್ಕೇರಿಸಿ, ಹಾಗೆ ಸಿಕ್ಕ ಸಂಖ್ಯೆಗಳ ಸರಾಸರಿ ತೆಗೆದು, ಅದರ ಲಾಗ್ ಅನ್ನು 10ರಿಂದ ಗುಣಿಸಬೇಕು. ಆಗ ಬರುವ ಸರಿಯಾದ ಉತ್ತರ 67.2. ಆ ಒಂದೇ ನಿಮಿಷ ಇಡೀ ಗಂಟೆಯ ಅಂಕಿಯನ್ನು ಎತ್ತಿಬಿಡುತ್ತದೆ. ಎಕ್ಸೆಲ್‌ನಲ್ಲಿ ಒಂದು ಸಲ ಸೂತ್ರ ಬರೆದಿಟ್ಟುಕೊಂಡರೆ ಸಾಕು, ಪ್ರತಿ ಸಲ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ಉಪಕರಣ. ಎಲ್ಲರ ಕೈಯಲ್ಲಿರುವುದು ಮೊಬೈಲ್. ಅದರ ಮೈಕ್ ಅಷ್ಟೇನೂ ಕೆಟ್ಟದ್ದಲ್ಲ, ತೊಂದರೆಯಿರುವುದು ಫೋನಿನ ಒಳಗಿನ ಸಂಸ್ಕರಣೆಯಲ್ಲಿ. ಮಾತು ಸ್ಪಷ್ಟವಾಗಿ ಕೇಳಲೆಂದು ಫೋನ್ ಜೋರು ಸದ್ದನ್ನು ತಾನೇ ತಗ್ಗಿಸುತ್ತದೆ, ಸಣ್ಣ ಸದ್ದನ್ನು ಎತ್ತುತ್ತದೆ, ಹಿನ್ನೆಲೆಯ ಗುಂಯ್ ಶಬ್ದವನ್ನು ಅಳಿಸುತ್ತದೆ. ಆಂಡ್ರಾಯ್ಡ್ 7ರಿಂದ ಈಚೆಗೆ ಸಂಸ್ಕರಿಸದ ಧ್ವನಿಯನ್ನು ಆ್ಯಪ್‌ಗಳು ಕೇಳಿ ಪಡೆಯುವ ಸೌಲಭ್ಯ ಬಂದಿದೆ, ಆದರೆ ಅದನ್ನು ಎಲ್ಲ ಫೋನುಗಳೂ ಕೊಡುವುದಿಲ್ಲ. ಫ್ರಾನ್ಸಿನ ಸಂಶೋಧಕರು ರೂಪಿಸಿದ ‘ನಾಯ್ಸ್‌ಕ್ಯಾಪ್ಚರ್’ ಆಂಡ್ರಾಯ್ಡ್‌ಗೆ, ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆಯ ‘ನಿಯೋಶ್ ಎಸ್‌ಎಲ್‌ಎಂ’ ಐಫೋನಿಗೆ ಉಚಿತವಾಗಿ ಸಿಗುತ್ತವೆ. ಎರಡೂ ಎಲ್‌ಇಕ್ಯೂ ತೋರಿಸುತ್ತವೆ. ಆಂಡ್ರಾಯ್ಡ್‌ನಲ್ಲಿ ಮಾದರಿಯಿಂದ ಮಾದರಿಗೆ ಮೈಕ್ ಬೇರೆಯಾದ್ದರಿಂದ ಒಂದೇ ಆ್ಯಪ್ ಎರಡು ಫೋನಿನಲ್ಲಿ ಬೇರೆ ಬೇರೆ ಅಂಕಿ ಕೊಟ್ಟರೆ ಅಚ್ಚರಿಪಡಬೇಕಿಲ್ಲ. ಎಲ್ಲಿ, ಯಾವ ಹೊತ್ತಿಗೆ ಅಳೆಯಬೇಕು ಎಂದು ಅಂದಾಜು ಮಾಡಲು ಫೋನ್ ಬಳಸಿ. ದೂರಿನಲ್ಲಿ ಅದರ ಅಂಕಿ ಬರೆಯಬೇಡಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌.ಪಿ. ರಸ್ತೆಯಂಥ ಕಡೆ ಒಂದೆರಡು ಸಾವಿರಕ್ಕೆ ಸಿಗುವ ಕೈಹಿಡಿ ಮಾಪಕಗಳಲ್ಲಿ ‘ಎ’, ‘ಸಿ’, ‘ಫಾಸ್ಟ್’, ‘ಸ್ಲೋ’, ‘ಮ್ಯಾಕ್ಸ್’ ಗುಂಡಿಗಳಿರುತ್ತವೆ, ಎಲ್‌ಇಕ್ಯೂ ಬಹುಪಾಲು ಇರುವುದಿಲ್ಲ. ‘ಎ’ ಮತ್ತು ‘ಸ್ಲೋ’ ಇಟ್ಟು ಪ್ರತಿ 10 ಸೆಕೆಂಡಿಗೊಮ್ಮೆ ಅಂಕಿ ಬರೆದುಕೊಂಡರೆ 10 ನಿಮಿಷಕ್ಕೆ 60 ಅಂಕಿ ಸಿಗುತ್ತವೆ. ಮೇಲೆ ಹೇಳಿದ ಸೂತ್ರಕ್ಕೆ ಹಾಕಿದರೆ ಒಂದೇ ಸಮನೆ ಇರುವ ಸದ್ದಿಗೆ ಒಪ್ಪುವಂಥ ಎಲ್‌ಇಕ್ಯೂ ಬರುತ್ತದೆ. ಗಡಿಯಾರ ನೋಡಿ ಬರೆಯಬೇಕು. ಸದ್ದು ಏರಿದಾಗ ಮಾತ್ರ ಬರೆದರೆ ಆ ಅಳತೆ ಪಕ್ಷಪಾತದ್ದಾಗುತ್ತದೆ. ‘ಮ್ಯಾಕ್ಸ್’ ಗುಂಡಿ ಒತ್ತಿ ಬಂದದ್ದನ್ನೇ ಶಬ್ದದ ಮಟ್ಟವೆಂದು ಹೇಳುವುದು ತಪ್ಪು. ಪಕ್ಕದಲ್ಲಿ ಯಾರೋ ಕೆಮ್ಮಿದರೂ ಅಲ್ಲಿ 80 ಬರಬಹುದು.

ರಾತ್ರಿಯಿಡೀ ದಾಖಲಿಸುವವರಿಗೆ ನಮ್ಮ ಸಲಹೆ ಅಳತೆಗೆಂದೇ ಮಾಡಿದ ಯುಎಸ್‌ಬಿ ಮೈಕ್. ಮಿನಿಡಿಎಸ್‌ಪಿ ಕಂಪನಿಯ ಯುಮಿಕ್-1 ಅಂಥದ್ದು. ಪ್ರತಿ ಮೈಕಿಗೂ ಅದರದೇ ಸರಣಿ ಸಂಖ್ಯೆಯ ಕ್ಯಾಲಿಬ್ರೇಷನ್ (ನಿಜವಾದ ಮಟ್ಟಕ್ಕೆ ಹೊಂದಿಸುವ) ಕಡತವಿದ್ದು, ಮೈಕ್ ಮೂಲದ ಕಡೆ ಮುಖ ಮಾಡಿದಾಗ ಒಂದು, ನೆಟ್ಟಗೆ ಮೇಲ್ಮುಖವಾಗಿ ನಿಲ್ಲಿಸಿದಾಗ ಇನ್ನೊಂದು ಎಂದು ಎರಡು ಬಗೆ ಸಿಗುತ್ತವೆ. ರಸ್ತೆಯ ಗದ್ದಲದಂತೆ ಸದ್ದು ಸುತ್ತಲಿಂದ ಬರುವಾಗ ಮೈಕ್ ಮೇಲ್ಮುಖವಾಗಿಟ್ಟು 90 ಡಿಗ್ರಿಯ ಕಡತ ಹಾಕಿಕೊಳ್ಳಬೇಕು. ಉಚಿತ ತಂತ್ರಾಂಶ ‘ರೂಮ್ ಇಕ್ಯೂ ವಿಝರ್ಡ್’ ಆ ಕಡತದಿಂದ ಮೈಕಿನ ಸಂವೇದನೆಯನ್ನು (ಎಷ್ಟು ಸದ್ದಿಗೆ ಎಷ್ಟು ಸಂಕೇತ ಕೊಡುತ್ತದೆ ಎಂಬುದನ್ನು) ಓದಿಕೊಂಡು ಹಳೆಯ ಲ್ಯಾಪ್‌ಟಾಪನ್ನೇ ಶಬ್ದಮಾಪಕ ಮಾಡಿಬಿಡುತ್ತದೆ. ಎಲ್‌ಇಕ್ಯೂ ಲೆಕ್ಕವೂ ದಾಖಲೆಯೂ ಅದರಲ್ಲೇ ಇವೆ. ವಿಂಡೋಸ್‌ನಲ್ಲಿ ಮೈಕಿನ ವಾಲ್ಯೂಮ್ 100ಕ್ಕೆ ಇರಬೇಕು, ‘ಎನ್‌ಹ್ಯಾನ್ಸ್‌ಮೆಂಟ್’ಗಳೆಲ್ಲ ಆಫ್ ಆಗಿರಬೇಕು. ಅಳತೆಯ ನಡುವೆ ಯಾರಾದರೂ ವಿಡಿಯೊ ಕರೆ ಮಾಡಿದರೆ ಆ ಆ್ಯಪ್ ವಾಲ್ಯೂಮನ್ನು ತಾನೇ ಬದಲಿಸಿಬಿಡುವುದುಂಟು, ಹಾಗಾಗಿ ಆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಬೇಡ.

ಸ್ಟುಡಿಯೊ ಇರುವವರ ಬಳಿ ಬೆಹ್ರಿಂಗರ್ ಇಸಿಎಂ8000ದಂಥ ಮೈಕ್ ಮತ್ತು ಅದನ್ನು ಕಂಪ್ಯೂಟರಿಗೆ ಜೋಡಿಸುವ, ಮೈಕಿಗೆ ಬೇಕಾದ 48 ವೋಲ್ಟ್ ಕೊಡುವ ಆಡಿಯೊ ಇಂಟರ್‌ಫೇಸ್ ಇರುತ್ತದೆ. ಅದೂ ನಡೆಯುತ್ತದೆ. ಅಲ್ಲಿನ ಅಪಾಯ ಮೈಕಿನ ಸಂಕೇತವನ್ನು ಹಿಗ್ಗಿಸುವ ಗೇನ್ ತಿರುಗುಣಿ. ಅದು ಕೂದಲೆಳೆಯಷ್ಟು ತಿರುಗಿದರೂ ಕ್ಯಾಲಿಬ್ರೇಷನ್ ಹೋಯಿತು. ಒಮ್ಮೆ ಹೊಂದಿಸಿದ ಮೇಲೆ ತಿರುಗುಣಿಗೆ ಅಡ್ಡಲಾಗಿ ಟೇಪ್ ಅಂಟಿಸಿ, ಅದರ ಸ್ಥಾನದ ಫೋಟೊ ತೆಗೆದಿಡಿ.

ಎಲೆಕ್ಟ್ರಾನಿಕ್ಸ್ ಬಲ್ಲ ವಿದ್ಯಾರ್ಥಿಗಳಿಗೆ ಇನ್ನೂ ಅಗ್ಗದ ದಾರಿಯಿದೆ: ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡು ಮತ್ತು ಡಿಜಿಟಲ್ ಮೈಕ್ ಚಿಪ್. ಎಲ್ಲೆಡೆ ಸಿಗುವ ಐಎನ್‌ಎಂಪಿ441 ಚಿಪ್ಪಿನ ಸಂವೇದನೆ ಒಂದರಿಂದ ಒಂದಕ್ಕೆ 3 ಡೆಸಿಬಲ್ ಆಚೀಚೆ ಆಗಬಹುದು. ಐಸಿಎಸ್‌-43434ರಲ್ಲಿ ಆ ವ್ಯತ್ಯಾಸ 1 ಡೆಸಿಬಲ್ ಒಳಗಿರುತ್ತದೆ. ಬೆಲೆ ಸ್ವಲ್ಪ ಹೆಚ್ಚಾದರೂ ಎರಡನೆಯದನ್ನೇ ಕೊಳ್ಳಿ. ಜರ್ಮನಿಯಲ್ಲಿ ಶುರುವಾದ ‘ಸೆನ್ಸರ್ ಕಮ್ಯುನಿಟಿ’ ನಾಗರಿಕ ಜಾಲದ ಶಬ್ದಮಾಪಕ ಬಳಸುವುದೂ ಇದೇ ಚಿಪ್ಪನ್ನು. ಧ್ವನಿ ಒಳಹೋಗುವ ಸೂಜಿಮೊನೆಯಷ್ಟು ರಂಧ್ರ ಚಿಪ್ಪಿನ ತಳದಲ್ಲಿದ್ದು ಬೋರ್ಡಿನ ಇನ್ನೊಂದು ಬದಿಗೆ ತೆರೆದುಕೊಳ್ಳುತ್ತದೆ. ಬೆಸುಗೆ ಹಾಕುವಾಗ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಬಳಸುವ ಅಂಟು) ಅಲ್ಲಿಗೆ ಹರಿದರೆ, ಅಥವಾ ಸ್ವಚ್ಛ ಮಾಡಲೆಂದು ಸ್ಪಿರಿಟ್ ಬಳಿದರೆ, ಮೈಕ್ ಸಾಯುವುದಿಲ್ಲ, ಮಂಕಾಗುತ್ತದೆ. ಅಂಕಿಗಳು ಬರುತ್ತಲೇ ಇರುವುದರಿಂದ ತಪ್ಪು ಗೊತ್ತಾಗುವುದೇ ಇಲ್ಲ. ಬೆಸುಗೆ ಮುಗಿಯುವ ತನಕ ರಂಧ್ರದ ಮೇಲೆ ಶಾಖ ತಡೆಯುವ ಟೇಪ್ ಇರಲಿ. ವೈಫೈ ದತ್ತಾಂಶ ಕಳಿಸುವ ಕ್ಷಣದಲ್ಲಿ ವಿದ್ಯುತ್ ಸೆಳೆತ ಏರಿ ಮೈಕಿಗೆ ಟಿಕ್‌ಟಿಕ್ ಸದ್ದು ಸೇರುವುದೂ ಸಾಮಾನ್ಯ. ಮೈಕಿನ ವಿದ್ಯುತ್ ಕಾಲಿನ ಪಕ್ಕದಲ್ಲೇ ಒಂದು ಕೆಪಾಸಿಟರ್ ಹಾಕಿದರೆ ಅದು ತಗ್ಗುತ್ತದೆ.

ಯಾವ ಮೈಕೇ ಇರಲಿ, ಕ್ಯಾಲಿಬ್ರೇಷನ್ ಇಲ್ಲದೆ ಅದರ ಮಾತು ನಂಬುವಂತಿಲ್ಲ. ತಕ್ಕಡಿಗೆ ಮುದ್ರೆಯೊತ್ತಿದ ತೂಕದ ಬಟ್ಟು ಇರುವಂತೆ ಮೈಕಿಗೆ ಕ್ಯಾಲಿಬ್ರೇಟರ್. ಅಂಗೈಯಲ್ಲಿ ಹಿಡಿಯುವ ಈ ಪುಟ್ಟ ಉಪಕರಣ 1,000 ಹರ್ಟ್ಸ್‌ನ ಒಂದೇ ಸ್ವರವನ್ನು ಸರಿಯಾಗಿ 94 ಡೆಸಿಬಲ್‌ನಲ್ಲಿ ನುಡಿಯುತ್ತದೆ. 94 ಡೆಸಿಬಲ್ ಎಂದರೆ 1 ಪ್ಯಾಸ್ಕಲ್ ಒತ್ತಡ. ಅದರ ಬಾಯಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಮೈಕಿನ ತುದಿಯನ್ನು ಮೆಲ್ಲಗೆ, ತಿರುವುತ್ತ, ಒಳಗಿನ ರಬ್ಬರ್ ಉಂಗುರ ಬಿಗಿಯಾಗಿ ಹಿಡಿಯುವ ತನಕ ತೂರಿಸಬೇಕು. ರಭಸವಾಗಿ ಒತ್ತಿದರೆ ಒಳಗೆ ಸಿಕ್ಕ ಗಾಳಿಯ ಒತ್ತಡದಿಂದ ಮೈಕಿನ ಪೊರೆಗೆ ಪೆಟ್ಟಾಗಬಹುದು. ಸಡಿಲವಾಗಿದ್ದರೆ ಗಾಳಿ ಸೋರಿ ಅಂಕಿ ನಿಲ್ಲದೆ ಓಲಾಡುತ್ತದೆ. ಹತ್ತಾರು ಸೆಕೆಂಡು ಕಾದು, ಅಂಕಿ ನಿಂತ ಮೇಲೆ, ತಂತ್ರಾಂಶದಲ್ಲಿ ಅದನ್ನು 94.0 ಎಂದು ಹೊಂದಿಸಿ. ಅಳತೆ ಮುಗಿದ ಮೇಲೆ ಇದೇ ಕೆಲಸ ಇನ್ನೊಮ್ಮೆ ಮಾಡಬೇಕು. ಮೊದಲಿಗೂ ಕೊನೆಗೂ ಅರ್ಧ ಡೆಸಿಬಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ರಾತ್ರಿಯ ಅಳತೆಯನ್ನು ಕೈಬಿಡಿ. ಚಿಪ್ ಮೈಕ್ ಇರುವವರು ಅದನ್ನು 12.7 ಮಿಲಿಮೀಟರ್ ಹೊರವ್ಯಾಸದ ಕೊಳವೆಯ ತುದಿಗೆ ಸಮನಾಗಿ ಕೂರಿಸಿ ಸುತ್ತ ಗಾಳಿಯಾಡದಂತೆ ಮುಚ್ಚಿದರೆ ಅದೂ ಕ್ಯಾಲಿಬ್ರೇಟರಿಗೆ ಹೊಂದುತ್ತದೆ. ಮೊಬೈಲ್ ಫೋನ್ ಹೊಂದುವುದಿಲ್ಲ.

ಕ್ಯಾಲಿಬ್ರೇಟರ್ ಸಿಗದಿದ್ದರೆ ಪ್ರಮಾಣಪತ್ರವಿರುವ ಕ್ಲಾಸ್ 1 ಅಥವಾ ಕ್ಲಾಸ್ 2 (ನಿಖರತೆಯ ದರ್ಜೆಗಳು) ಮಾಪಕವನ್ನು ಎರವಲು ಪಡೆದು, ಎರಡೂ ಮೈಕುಗಳ ತುದಿಯನ್ನು ಒಂದು ಗೇಣಿನೊಳಗೆ ಅಕ್ಕಪಕ್ಕ ಇಟ್ಟು, ಸ್ಪೀಕರಿನಿಂದ ‘ಪಿಂಕ್ ನಾಯ್ಸ್’ (ಎಲ್ಲ ಸ್ವರಗಳೂ ಬೆರೆತ, ಪರೀಕ್ಷೆಗೆ ಬಳಸುವ ಭೋರ್ಗರೆತ) ನುಡಿಸಿ ಹೋಲಿಸಬಹುದು. 50, 60, 70, 80 ಹೀಗೆ ಹಲವು ಮಟ್ಟಗಳಲ್ಲಿ ಹೋಲಿಸಬೇಕು. ಎಲ್ಲ ಮಟ್ಟದಲ್ಲೂ ವ್ಯತ್ಯಾಸ ಒಂದೇ ಇದ್ದರೆ ಅಷ್ಟನ್ನು ಕೂಡಿಸಿ ಅಥವಾ ಕಳೆದು ಮುಂದುವರಿಯಿರಿ. ಜೋರು ಸದ್ದಿನಲ್ಲಿ ವ್ಯತ್ಯಾಸ ಹಿಗ್ಗುತ್ತ ಹೋದರೆ ಎಲ್ಲೋ ತಾನೇ ತಗ್ಗಿಸುವ ಸಂಸ್ಕರಣೆ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ಮೆಲುಸದ್ದಿನಲ್ಲಿ ಹಿಗ್ಗಿದರೆ ಅದು ಮೈಕಿನ ಸ್ವಂತ ಗುಯ್‌ಗುಟ್ಟುವಿಕೆ. ಈ ಸ್ವಂತ ಸದ್ದು 38 ಡೆಸಿಬಲ್ ಇರುವ ಮೈಕ್, ನಿಜವಾಗಿ 40 ಇರುವಲ್ಲಿ 42 ತೋರಿಸುತ್ತದೆ. ಆಸ್ಪತ್ರೆಯ ಬಳಿ ರಾತ್ರಿಯ 40ರ ಮಿತಿಯನ್ನು ಅಗ್ಗದ ಮಾಪಕದಲ್ಲಿ ಪರೀಕ್ಷಿಸಹೊರಟವರು ಇದನ್ನು ಮರೆಯಬಾರದು.

ಮೈಕ್ ಎಲ್ಲಿಡಬೇಕು? ನೆಲದಿಂದ 1.2ರಿಂದ 1.5 ಮೀಟರ್ ಎತ್ತರ, ಗೋಡೆಗಳಿಂದ ಕನಿಷ್ಠ 3.5 ಮೀಟರ್ ದೂರ. ಗೋಡೆಗೆ ಒಂದೆರಡು ಮೀಟರ್ ಹತ್ತಿರವಿದ್ದರೆ ತಿರುಗಿ ಬರುವ ಸದ್ದು ಸುಮಾರು 3 ಡೆಸಿಬಲ್ ಸೇರಿಸುತ್ತದೆ, ಗೋಡೆಗೇ ಅಂಟಿಸಿದರೆ 6. ನಮ್ಮ ನಗರಗಳ 30–40 ನಿವೇಶನಗಳಲ್ಲಿ ಅಷ್ಟು ಜಾಗ ಬಾಲ್ಕನಿಯಲ್ಲಿ ಸಿಗುವುದಿಲ್ಲ. ತಾರಸಿಯ ನಡುವೆ ಕಂಬ ನಿಲ್ಲಿಸುವುದು ಮೇಲು, ಆದರೆ ಅಲ್ಲಿ ನೀರಿನ ಟ್ಯಾಂಕಿನ ಗೋಡೆ, ಬಟ್ಟೆ ಒಣಹಾಕಿದ ತಂತಿ, ಪಕ್ಕದ ಮನೆಯ ಎ.ಸಿ.ಯ ಹೊರಘಟಕ ಇವೆಯೇ ನೋಡಿಕೊಳ್ಳಿ. ಬಾಲ್ಕನಿ ಬಿಟ್ಟು ಬೇರೆ ದಾರಿಯಿಲ್ಲದಿದ್ದರೆ ಗೋಡೆಯ ದೂರವನ್ನು ಟೇಪಿನಲ್ಲಿ ಅಳೆದು ವರದಿಯಲ್ಲಿ ಬರೆಯಿರಿ. ಗಾಳಿ ತಡೆಯುವ ಸ್ಪಂಜಿನ ಚೆಂಡು ಮೈಕಿನ ಮೇಲೆ ಇರಲೇಬೇಕು. ಗಾಳಿ ಸೆಕೆಂಡಿಗೆ 5 ಮೀಟರ್ ದಾಟಿದರೆ ಚೆಂಡಿದ್ದರೂ ಮೈಕ್ ಗಾಳಿಯನ್ನೇ ಅಳೆಯುತ್ತದೆ. ಮಳೆ ಬಂದ ಗಂಟೆಗಳನ್ನು ಲೆಕ್ಕದಿಂದ ತೆಗೆಯಿರಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮೈಕನ್ನು ಹೊರಗೆ ಬಿಟ್ಟು ಮಲಗಿದರೆ ತೇವ ಕೂತು ಬೆಳಗಿನ ಹೊತ್ತಿಗೆ ಅಂಕಿ ಜಾರಿರುತ್ತದೆ. ಕೊನೆಯಲ್ಲಿ ಮತ್ತೆ ಕ್ಯಾಲಿಬ್ರೇಟ್ ಮಾಡಿ ಎಂದದ್ದು ಇದಕ್ಕೂ ಹೌದು.

ಸಾಧ್ಯವಾದಷ್ಟೂ ಸೆಕೆಂಡಿಗೊಂದು ಅಂಕಿಯನ್ನಷ್ಟೇ ಉಳಿಸಿ, ಧ್ವನಿಯನ್ನು ಉಳಿಸಬೇಡಿ. ಬೀದಿಯವರ ಮಾತುಕತೆ ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಇರುವುದು ಸರಿಯಲ್ಲ. ಸದ್ದಿನ ಮೂಲ ತೋರಿಸಲು ಬೇಕೆಂದಾಗ ಸಣ್ಣ ತುಣುಕು ಸಾಕು. ಅದು ವೇವ್ ಕಡತವಾಗಿರಲಿ, ಎಂಪಿ3 ಬೇಡ. 48 ಕಿಲೋಹರ್ಟ್ಸ್, 24 ಬಿಟ್, ಒಂದೇ ಚಾನೆಲ್ ಎಂದರೆ ಗಂಟೆಗೆ ಸುಮಾರು 518 ಎಂಬಿ. ರಾತ್ರಿಯ ಎಂಟು ಗಂಟೆಗೆ 4 ಜಿಬಿ ದಾಟುತ್ತದೆ, ಸಾಮಾನ್ಯ ವೇವ್ ಕಡತದ ಮಿತಿಯೂ ಅಲ್ಲೇ ಇದೆ. ಗಂಟೆಗೊಂದು ಕಡತವಾಗಿ ಒಡೆಯುವಂತೆ ಹೊಂದಿಸಿಕೊಳ್ಳಿ.

ಸದ್ದಿನ ಮೂಲ ಯಾವುದೇ ಇರಲಿ, ಅದು ನಿಂತಾಗಿನ ಹಿನ್ನೆಲೆಯನ್ನೂ ಅದೇ ಜಾಗದಲ್ಲಿ ಅಳೆಯಬೇಕು. ಪಕ್ಕದ ಕಟ್ಟಡದ ಜನರೇಟರ್ ಓಡುವಾಗ 58, ಕರೆಂಟ್ ಬಂದು ಅದು ನಿಂತಾಗ 54 ಇದ್ದರೆ ಜನರೇಟರಿನದೇ ಪಾಲು 55.8. ಎರಡರ ನಡುವೆ 10ಕ್ಕಿಂತ ಹೆಚ್ಚು ಅಂತರವಿದ್ದರೆ ಹಿನ್ನೆಲೆಯನ್ನು ಕಳೆಯುವ ಅಗತ್ಯವಿಲ್ಲ. 3ಕ್ಕಿಂತ ಕಡಿಮೆಯಿದ್ದರೆ ಆ ಅಳತೆಯಿಂದ ಏನೂ ಹೇಳಲಾಗದು, ಇನ್ನಷ್ಟು ಹತ್ತಿರ ಹೋಗಿ ಅಳೆಯಬೇಕು.

ಡಿಜೆ ಸ್ಪೀಕರುಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಎದೆ ಗುದ್ದುವ ಆ ಸದ್ದು 60 ಹರ್ಟ್ಸ್ ಆಸುಪಾಸಿನದು. ‘ಎ’ ಸೋಸುವಿಕೆ 63 ಹರ್ಟ್ಸ್‌ನಲ್ಲಿ 26 ಡೆಸಿಬಲ್ ಕತ್ತರಿಸಿಬಿಡುತ್ತದೆ. ‘ಸಿ’ ಎಂಬ ಇನ್ನೊಂದು ಸೋಸುವಿಕೆ ಅಲ್ಲಿ ಒಂದು ಡೆಸಿಬಲ್ ಕೂಡ ಕತ್ತರಿಸುವುದಿಲ್ಲ. ಕಿಟಕಿ ಗಾಜು ನಡುಗುತ್ತಿದ್ದರೂ ಡಿಬಿ(ಎ) ಅಂಕಿ ಮಿತಿಯ ಆಸುಪಾಸಿನಲ್ಲೇ ಇರುವುದು ಈ ಕಾರಣಕ್ಕೆ. ನಿಯಮದ ಮಿತಿ ಡಿಬಿ(ಎ)ಯಲ್ಲಿರುವುದರಿಂದ ಅದನ್ನು ಬರೆಯಲೇಬೇಕು, ಜತೆಗೆ ಡಿಬಿ(ಸಿ)ಯನ್ನೂ ಬರೆಯಿರಿ. ಎರಡರ ಅಂತರ 15–20 ಇದ್ದರೆ ತೊಂದರೆಯ ಬೇರು ಬಾಸ್‌ನಲ್ಲಿದೆ ಎಂಬುದು ದಾಖಲಾಗುತ್ತದೆ. ಪಟಾಕಿಯನ್ನು ಮಾತ್ರ ಇಂಥ ಉಪಕರಣದಲ್ಲಿ ಅಳೆಯಲು ಹೋಗಬೇಡಿ. ಅದರ ಮಿತಿ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 145 ಡಿಬಿ(ಸಿ) ಶಿಖರ, ಅಂದರೆ ಕ್ಷಣಮಾತ್ರದ ಗರಿಷ್ಠ ಅಂಕಿ. 120ಕ್ಕೇ ತುಂಬಿಹೋಗುವ ಚಿಪ್ ಮೈಕ್ ಆ ಕ್ಷಣದಲ್ಲಿ ತೋರಿಸುವುದು ತನ್ನ ಮಿತಿಯನ್ನಷ್ಟೇ.

ಅಳೆಯುವ ಜಾಗ ಕಾನೂನಿಗೂ ಹೊಂದಬೇಕು. ಸಾರ್ವಜನಿಕ ಸ್ಥಳದ ಧ್ವನಿವರ್ಧಕದ ಮಿತಿ ಆ ಸ್ಥಳದ ಗಡಿಯಲ್ಲಿ ಅನ್ವಯಿಸುತ್ತದೆ: ಪ್ರದೇಶದ ಮಿತಿಗಿಂತ 10 ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಖಾಸಗಿ ಜಾಗವಾದರೆ ಅದರ ಗಡಿಯಲ್ಲಿ 5 ಹೆಚ್ಚು. ಡೀಸೆಲ್ ಜನರೇಟರಿಗೆ ಅದರ ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 75. ನಿಮ್ಮ ಮಲಗುವ ಕೋಣೆಯೊಳಗಿನ ಅಂಕಿ ನಿಮ್ಮ ಸಂಕಟವನ್ನು ಹೇಳುತ್ತದೆ, ಉಲ್ಲಂಘನೆಯನ್ನು ಸಾಬೀತು ಮಾಡುವುದಿಲ್ಲ. ಪ್ರದೇಶದ ಮಿತಿಯನ್ನು 10 ಡೆಸಿಬಲ್ ಅಥವಾ ಹೆಚ್ಚು ಮೀರಿದಾಗ ಯಾರು ಬೇಕಾದರೂ ದೂರು ಕೊಡಬಹುದೆಂದು ನಿಯಮ 7 ಹೇಳುತ್ತದೆ. ವಸತಿ ಪ್ರದೇಶದಲ್ಲಿ ಅದು ಹಗಲು 65, ರಾತ್ರಿ 55. ಮಿತಿಯನ್ನು ಇಷ್ಟು ಮೀರಿದ್ದನ್ನು ತೋರಿಸಲು ಒಂದೆರಡು ಡೆಸಿಬಲ್ ತಪ್ಪಿರುವ ಮೈಕ್ ಸಾಕು. ಅಗ್ಗದ ಉಪಕರಣದ ಮೇಲೆ ನಾವು ಭರವಸೆ ಇಟ್ಟಿರುವುದು ಇದೇ ಕಾರಣಕ್ಕೆ.

ಇನ್ನೊಂದು ಮಾತು, ಬಹಳ ಮಂದಿಗೆ ಗೊತ್ತಿಲ್ಲದ್ದು. ರಾತ್ರಿ 10ರ ಬಳಿಕ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದೇ ನಿಷಿದ್ಧ. ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ವಸತಿ ಪ್ರದೇಶದಲ್ಲಿ ರಾತ್ರಿ ಸದ್ದು ಮಾಡುವ ಕಟ್ಟಡ ಯಂತ್ರ ನಡೆಸುವುದನ್ನೂ 2010ರ ತಿದ್ದುಪಡಿ ನಿಷೇಧಿಸಿದೆ. ಮಧ್ಯರಾತ್ರಿ ಕಾಂಕ್ರೀಟ್ ಸುರಿಯುತ್ತಿದ್ದರೆ ಡೆಸಿಬಲ್ ಅಳೆಯುವ ಅಗತ್ಯವೇ ಇಲ್ಲ. ಸಮಯ, ಸ್ಥಳ ಕಾಣುವ ವಿಡಿಯೊ ತೆಗೆದು 112ಕ್ಕೆ ಕರೆ ಮಾಡಿ.

ದೂರಿನ ಜತೆ ಕೊಡುವ ದಾಖಲೆ ಒಂದೇ ಹಾಳೆಯಲ್ಲಿರಲಿ. ದಿನಾಂಕ, ಶುರು ಮತ್ತು ಕೊನೆಯ ಸಮಯ, ಮೈಕಿನ ಮಾದರಿ ಮತ್ತು ಸರಣಿ ಸಂಖ್ಯೆ, ಮೊದಲು ಮತ್ತು ಆಮೇಲಿನ ಕ್ಯಾಲಿಬ್ರೇಟರ್ ಅಂಕಿ, ಮೂಲದಿಂದ ಮತ್ತು ಗೋಡೆಯಿಂದ ದೂರ, ಎತ್ತರ, 10 ನಿಮಿಷದ ಎಲ್‌ಇಕ್ಯೂಗಳು, ಹಿನ್ನೆಲೆ, ಗಾಳಿ–ಮಳೆಯ ಸ್ಥಿತಿ, ಮೈಕ್ ಇಟ್ಟ ಜಾಗದ ಒಂದು ಫೋಟೊ. ನಡುವೆ ಕುಕ್ಕರ್ ಸೀಟಿ, ಆಂಬುಲೆನ್ಸ್, ಬೀದಿನಾಯಿಗಳ ಬೊಗಳು ಬಂದಿದ್ದರೆ ಸಮಯ ಸಮೇತ ಬರೆದು ಆ ನಿಮಿಷಗಳನ್ನು ಬಿಟ್ಟು ಲೆಕ್ಕ ಮಾಡಿ, ಬಿಟ್ಟಿದ್ದೇವೆಂದೂ ಹೇಳಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಆರಂಭಿಸಿದ, ಏಳು ನಗರಗಳ ರಾಷ್ಟ್ರೀಯ ಶಬ್ದಮಾಪನ ಜಾಲದಲ್ಲಿ ಬೆಂಗಳೂರಿಗೆ ಇರುವುದು 10 ಕೇಂದ್ರಗಳು. ಪೀಣ್ಯ, ಮಾರತ್‌ಹಳ್ಳಿ, ಡೊಮ್ಲೂರು, ನಿಮ್ಹಾನ್ಸ್ ಅವುಗಳಲ್ಲಿ ಸೇರಿವೆ. ಆ ಅಂಕಿಗಳು ಬೆಲೆಯುಳ್ಳವು, ಆದರೆ ಅಷ್ಟು ದೊಡ್ಡ ನಗರದ ಬೀದಿಬೀದಿಯ ಸ್ಥಿತಿಯನ್ನು ಅವು ಹೇಳಲಾರವು. ಮೈಸೂರು, ಹುಬ್ಬಳ್ಳಿ, ಮಂಗಳೂರು ಆ ಏಳು ನಗರಗಳ ಜಾಲದಲ್ಲಿ ಇಲ್ಲವೇ ಇಲ್ಲ.

ಆದ್ದರಿಂದ ನಮ್ಮ ಕೋರಿಕೆಗಳು. ನಿಮ್ಮ ವರದಿಗಾರರು ಡೆಸಿಬಲ್ ಅಂಕಿ ಬರೆದಾಗಲೆಲ್ಲ ದೂರ, ಅವಧಿ, ‘ಎ’ಯೋ ‘ಸಿ’ಯೋ ಮತ್ತು ಉಪಕರಣ ಈ ನಾಲ್ಕನ್ನೂ ಅಚ್ಚು ಮಾಡಿಸಿ. ಮೇಲೆ ಹೇಳಿದ ವಿವರಗಳಿರುವ ನಾಗರಿಕರ ದಾಖಲೆಯನ್ನು ಪೊಲೀಸರೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ತಪಾಸಣೆಗೆ ಬರಲು ಸಾಕಾದ ಆಧಾರವೆಂದು ಒಪ್ಪಲಿ, ಸದ್ದು ನಿಜವಾಗಿ ಇರುವ ಹೊತ್ತಿನಲ್ಲೇ ಬರಲಿ. ಅಧಿಕಾರಿಗಳು ತಮ್ಮ ಮಾಪಕದಲ್ಲಿ ಅಳೆದಾಗ ಕ್ಯಾಲಿಬ್ರೇಟರಿನ ಮೊದಲ ಮತ್ತು ಕೊನೆಯ ಅಂಕಿಯನ್ನು ಮಹಜರಿನಲ್ಲಿ ಬರೆಯಲಿ. ಎಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿಭಾಗಗಳು ಒಂದೊಂದು ಕ್ಯಾಲಿಬ್ರೇಟರ್ ಕೊಂಡು ವಾರಕ್ಕೊಂದು ಮಧ್ಯಾಹ್ನ ಸುತ್ತಲಿನ ಬಡಾವಣೆಯವರ ಮೈಕುಗಳನ್ನು ಪರೀಕ್ಷಿಸಿ ಚೀಟಿ ಕೊಡಲಿ. ಒಂದು ಮೈಕಿಗೆ ಐದು ನಿಮಿಷ ಸಾಕು.

ಇತಿ,
ಧ್ವನಿ ಅಳತೆಯ ಕೆಲಸದಲ್ಲಿರುವ ಕೆಲವು ಓದುಗರು, ಬೆಂಗಳೂರು